ನಾನು ತಗೊಳ್ಳದಿದ್ದರೆ ಹಾಳಾಗಿ ಹೋಗ್ತಿತ್ತು

ಹಳೇ ಸಾಮಾನು ಕೂಡಿಡುವ ಹುಚ್ಚು ಹತ್ತಿದವರ ಜೊತೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಬಂದೇ ಬರುತ್ತದೆ: ‘ನಾನು ತಗೊಳ್ಳದಿದ್ದರೆ ಇದು ಹಾಳಾಗಿ ಹೋಗ್ತಿತ್ತು ನೋಡ್ರಿ.’ ಗುಜರಿಯಿಂದ ತಂದ ಹಿತ್ತಾಳೆ ಹಂಡೆ ತೋರಿಸಿ ಹೇಳುತ್ತಾರೆ. ಹಳೇ ವಾಡೆಯಿಂದ ಬಿಚ್ಚಿ ತಂದ ಬಾಗಿಲ ಚೌಕಟ್ಟು ತೋರಿಸಿ ಹೇಳುತ್ತಾರೆ. ಯಾವುದೋ ಊರಿನ ಹೊಲದ ಬದುವಿನಿಂದ ಎತ್ತಿ ತಂದು ಫಾರ್ಮ್ ಹೌಸಿನ ಹುಲ್ಲಿನ ಮೇಲೆ ನಿಲ್ಲಿಸಿದ ವೀರಗಲ್ಲಿನ ಮುಂದೆಯೂ ಅದೇ ಮಾತು. ಹೇಳುವಾಗ ಮುಖದಲ್ಲಿ ಒಂದು ತೃಪ್ತಿ ಬೇರೆ ಇರುತ್ತದೆ, ಅನಾಥ ಮಗುವನ್ನು ಮನೆಗೆ ತಂದು ಸಾಕಿದವರಿಗೆ ಇರುವಂಥದ್ದು.

ನಾನೂ ಈ ಪೈಕಿಯೇ. ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಕೋಣೆ ಇದಕ್ಕೇ ಹೋಗಿದೆ. ಹಿತ್ತಾಳೆ, ತಾಮ್ರ, ಕಾಳು ಅಳೆಯುವ ಹಳೇ ಸೇರು-ಪಾವು, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಒಂದಿಷ್ಟು ಬಿದರಿ ಸಾಮಾನು, ನಿಜಾಮರ ಕಾಲದ ನಾಣ್ಯ ತುಂಬಿದ ಬಿಸ್ಕತ್ತಿನ ಡಬ್ಬಿ. ಭಾರೀ ಬೆಲೆಯದ್ದು ಏನೂ ಇಲ್ಲ, ಕಳ್ಳ ಬಂದರೆ ಬೇಜಾರು ಮಾಡಿಕೊಂಡು ವಾಪಸ್ ಹೋಗುತ್ತಾನೆ. ಆದರೂ ಆ ‘ಹಾಳಾಗಿ ಹೋಗ್ತಿತ್ತು’ ಅನ್ನೋ ಮಾತು ಎಲ್ಲಾ ಸಾಮಾನಿಗೂ ಒಂದೇ ಥರ ಹೊಂದುವುದಿಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಹಂಡೆಯ ವಿಷಯದಲ್ಲಿ ಅದು ನಿಜ. ಚೌಕಟ್ಟಿನ ವಿಷಯದಲ್ಲಿ ಅರ್ಧ ನಿಜ. ವೀರಗಲ್ಲಿನ ವಿಷಯದಲ್ಲಿ ಹಸೀ ಸುಳ್ಳು.

ಹಂಡೆಯಿಂದಲೇ ಶುರು ಮಾಡೋಣ, ಯಾಕೆಂದರೆ ನನಗೆ ಗೊತ್ತಿರೋದು ಅದೇ ಜಾಸ್ತಿ.

ನಮ್ಮ ಕಡೆ ಮದುವೆಗೆ ಭಾಂಡೆ ಕೊಡುವಾಗ ಹೆಸರು ಹಾಕಿಸುವ ಪದ್ಧತಿ ಇತ್ತು, ಈಗಲೂ ಸ್ಟೀಲಿನ ಮೇಲೆ ಹಾಕಿಸುತ್ತಾರೆ. ಹಳೇ ಕಾಲದ್ದು ಮಷೀನಿನ ಬರಹವಲ್ಲ. ಸಣ್ಣ ಉಳಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು. ನನ್ನ ಹತ್ತಿರ ಒಂದು ಹಿತ್ತಾಳೆ ಗಂಗಾಳ ಇದೆ. ಅದರ ಅಂಚಿನ ಕೆಳಗೆ ‘ಚಿ.ಸೌ.’ ಅಂತ ಶುರುವಾಗಿ ಹುಡುಗಿಯ ಹೆಸರು, ಆಮೇಲೆ ಕೊಟ್ಟವರ ಹೆಸರು, ಊರು, ಇಸವಿ. ಸಾಲು ಶುರುವಾಗುವಲ್ಲಿ ಅಕ್ಷರ ದೊಡ್ಡದು, ಅಂಚು ಮುಗಿಯುತ್ತಾ ಬಂದ ಹಾಗೆ ಜಾಗ ಸಾಲದೆ ಸಣ್ಣದಾಗುತ್ತಾ ಹೋಗಿ, ಊರಿನ ಹೆಸರಿನ ಕೊನೇ ಅಕ್ಷರ ಮೇಲಕ್ಕೆ ಹತ್ತಿ ಕೂತಿದೆ. ಬೆರಳು ಆಡಿಸಿದರೆ ಒಳಗಿನ ಮೈಯಲ್ಲಿ ಆ ಚುಕ್ಕೆಗಳೆಲ್ಲ ಉಬ್ಬಿಕೊಂಡು ಸಿಗುತ್ತವೆ. ಉಂಡ ಕೈಗೆ ದಿನಾ ಸಿಕ್ಕಿರಬೇಕು.

ಗುಜರಿ ಅಂಗಡಿಯವನಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಅವನಿಗೆ ಅದು ತೂಕ. ಹಿತ್ತಾಳೆ ರಾಶಿಯಲ್ಲಿ ನಲ್ಲಿ, ಬಾಗಿಲ ಚಿಲಕ, ಒಡೆದ ದೀಪದ ಸಮೆ, ಗಂಗಾಳ ಎಲ್ಲ ಒಂದೇ ದರ. ಅಲ್ಲಿಂದ ಮೂಟೆ ಕಟ್ಟಿ ಕರಗಿಸುವಲ್ಲಿಗೆ ಹೋಗುತ್ತದೆ. ಹಾಗಾಗಿ ತೂಕದ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟು ನಾವು ಎತ್ತಿಕೊಂಡು ಬಂದರೆ ‘ಉಳಿಸಿದೆ’ ಅಂತ ಹೇಳಿಕೊಳ್ಳೋದರಲ್ಲಿ ತಪ್ಪೇನಿಲ್ಲ.

ಆದರೆ ಇಲ್ಲೂ ಒಂದು ಮಾತಿದೆ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಕಡೆಯ ಒಂದು ಗುಜರಿಯಲ್ಲಿ ವಯಸ್ಸಾದ ಹೆಣ್ಣುಮಗಳು ಒಬ್ಬರು ದೊಡ್ಡ ಹಂಡೆ, ಎರಡು ಕೊಡ ತಂದು ತೂಕಕ್ಕೆ ಹಾಕುತ್ತಿದ್ದರು. ನಾನು ಬಾಯಿ ಸುಮ್ನೆ ಇಟ್ಟುಕೊಳ್ಳಲಾರದೆ ‘ಯಾಕ್ ಮಾರ್ತೀರಿ ಆಯಿ, ಇಂಥಾ ಚಂದದ ಹಂಡೆ’ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇದನ್ ತಿಕ್ಕಿ ತಿಕ್ಕಿ ನನ್ ಕೈ ಸೋತು ಹೋಗ್ಯಾವ ಯಪ್ಪಾ. ನಿನಗ ಚಂದ ಕಂಡ್ರ ನೀ ಒಯ್ದು ತಿಕ್ಕು’ ಅಂದರು. ಅಂಗಡಿಯವನು ನಕ್ಕ. ನಾನು ಒಯ್ದೆ.

ಆ ಮಾತು ಬಹಳ ಖರೆ. ಹಿತ್ತಾಳೆ ಸಾಮಾನಿನ ಬಗ್ಗೆ ಹಳಹಳಿಸುವವರೆಲ್ಲ ಹೆಚ್ಚಾಗಿ ಅದನ್ನು ತಿಕ್ಕದೇ ಇದ್ದವರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಬೆಳಗಿನ ಜಾವದ ತಣ್ಣೀರು. ಅಡುಗೆ ಪಾತ್ರೆಯಾದರೆ ಒಳಗೆ ಕಲಾಯಿ ಬೇಕು, ಇಲ್ಲದಿದ್ದರೆ ಹುಳಿ ಹಾಕಿದ ಕೂಡಲೇ ಕಿಲುಬು. ಕಲಾಯಿಯವರು ಓಣಿಗೆ ಬರುತ್ತಿದ್ದ ಕಾಲದಲ್ಲಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ದಟ್ಟ ಬಿಳಿ ಹೊಗೆ ಏಳುತ್ತಿದ್ದಾಗಲೇ ತವರ ಹಚ್ಚಿ ಹತ್ತಿಯಿಂದ ಒರೆಸುತ್ತಿದ್ದರು. ಅವರು ಬರೋದು ನಿಂತ ಮೇಲೆ ಆ ಪಾತ್ರೆ ಅಡುಗೆಗೆ ಬರುವುದಿಲ್ಲ. ಸ್ಟೀಲ್ ಬಂದದ್ದು ಮನೆಯ ಹೆಂಗಸರಿಗೆ ಬಿಡುಗಡೆ. ನನ್ನ ಕೋಣೆಯ ಕಪಾಟಿನಲ್ಲಿ ಫಳಫಳ ಹೊಳೆಯುವ ಸಾಮಾನು ನೋಡಿ ‘ಹಿಂದಿನವರು ಎಷ್ಟು ಚಂದ ಬದುಕಿದ್ದರು’ ಅಂತ ಯಾರಾದರೂ ಅಂದರೆ ನನಗೆ ಆ ಆಯಿಯ ಕೈ ನೆನಪಾಗುತ್ತದೆ. ನಾವು ಕೂಡಿಡೋದು ಸಾಮಾನು ಮಾತ್ರ, ಅದರ ಹಿಂದಿನ ದುಡಿತ ಕಪಾಟಿಗೆ ಬರೋದಿಲ್ಲ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಮಾರುವವರಿಗೆ ಅದರ ಬೆಲೆ ಗೊತ್ತಿಲ್ಲ, ನಮಗೆ ಗೊತ್ತು. ಆಗ ಹೇಳಬೇಕಾ, ಬೇಡವಾ? ಗುಜರಿಯವನಿಗೆ, ಹಳೇ ಸಾಮಾನಿನ ವ್ಯಾಪಾರಿಗೆ ಹೇಳಬೇಕಿಲ್ಲ, ಅದು ಅವನ ಧಂಧೆ, ತಿಳಿದುಕೊಳ್ಳೋದು ಅವನ ಕೆಲಸ. ಆದರೆ ಮನೆ ಖಾಲಿ ಮಾಡುತ್ತಿರುವ ವಿಧವೆ, ಮಗನ ಆಸ್ಪತ್ರೆ ಖರ್ಚಿಗೆ ಮೂಲೆಯ ಟ್ರಂಕು ತೆಗೆದವರು, ಇವರಿಗೆ ಹೇಳಲೇಬೇಕು ಅಂತ ನನ್ನ ಪಕ್ಕಾ ಅಭಿಪ್ರಾಯ. ನನಗಿಂತ ಹಳಬರಾದ ಸಂಗ್ರಾಹಕರೊಬ್ಬರು ಇದಕ್ಕೆ ನಗುತ್ತಾರೆ. ‘ಹಂಗ ಹೇಳ್ಕೋತ ಹೋದ್ರ ನಿಮ್ಮ ಕಪಾಟ ಖಾಲಿನೇ ಇರ್ತದ್ರೀ’ ಅನ್ನುತ್ತಾರೆ. ಇರಲಿ ಬಿಡಿ. ಅವರ ಮನೆಯಲ್ಲಿ ಬಹಳ ಒಳ್ಳೊಳ್ಳೆ ಸಾಮಾನಿದೆ, ಒಂದೊಂದರ ಕಥೆಯನ್ನೂ ಸೊಗಸಾಗಿ ಹೇಳುತ್ತಾರೆ, ಎಷ್ಟಕ್ಕೆ ತಂದಿರಿ ಅಂತ ಕೇಳಿದ ಕೂಡಲೇ ಚಹಾ ತರಲು ಒಳಗೆ ಹೋಗುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬಿಡೋಕಾಗಲ್ಲ? ಮನಶ್ಶಾಸ್ತ್ರದವರು ಇದರ ಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಡ್ಯಾನಿಯಲ್ ಕಾನೆಮನ್, ಜಾಕ್ ನೆಚ್, ರಿಚರ್ಡ್ ಥೇಲರ್ ಮೂವರೂ ಸೇರಿ 1990ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟು ಕೊಟ್ಟು ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಕೇಳಿದ್ದು ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಮಗ್ ಕೈಗೆ ಬಂದು ಇನ್ನೂ ಸ್ವಲ್ಪ ಹೊತ್ತೂ ಆಗಿರಲಿಲ್ಲ! ನನ್ನದು ಅನ್ನೋ ಭಾವನೆ ಅಷ್ಟು ಬೇಗ ಬೇರು ಬಿಡುತ್ತದೆ.

ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಬರೆದದ್ದು ಇನ್ನೂ ಮಜಾ ಇದೆ. ಸಣ್ಣ ಮಕ್ಕಳಿಗೆ ಒಂದು ಸುಳ್ಳು ಮಷೀನ್ ತೋರಿಸಿ, ಇದರೊಳಗೆ ಯಾವ ಸಾಮಾನು ಇಟ್ಟರೂ ಅದರ ಥರದ್ದೇ ಇನ್ನೊಂದು ಬರುತ್ತದೆ ಅಂತ ನಂಬಿಸಿದರು. ದಿನಾ ಅಪ್ಪಿಕೊಂಡು ಮಲಗುವ ಬೊಂಬೆ ಇದ್ದ ಮಕ್ಕಳಲ್ಲಿ ಕೆಲವರು ಅದನ್ನು ಮಷೀನಿಗೆ ಹಾಕಲಿಕ್ಕೇ ಒಪ್ಪಲಿಲ್ಲ. ಒಪ್ಪಿದವರೂ ಹೆಚ್ಚಾಗಿ ತಮ್ಮ ಹಳೇದನ್ನೇ ವಾಪಸ್ ಕೇಳಿದರು. ನೋಡೋಕೆ ಎರಡೂ ಒಂದೇ, ಆದರೆ ಇದೇ ನನ್ನದು. ದೊಡ್ಡವರು ಬೇರೆ ಏನೂ ಮಾಡೋದಿಲ್ಲ, ದುಡ್ಡು ಸೇರಿಸುತ್ತಾರೆ ಅಷ್ಟೇ. 1996ರಲ್ಲಿ, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿಯವರ ಮನೆ ಸಾಮಾನು ನ್ಯೂಯಾರ್ಕಿನಲ್ಲಿ ಹರಾಜಾದಾಗ ಒಂದು ಬೆಳ್ಳಿ ಕವಚದ ಅಳತೆ ಟೇಪು 48,875 ಡಾಲರಿಗೆ ಹೋಯಿತು. ಅಳೆಯೋಕೆ ಟೇಪು ಬೇಕಿದ್ದರೆ ಕಿರಾಣಾ ಬಜಾರಿನಲ್ಲಿ ಸಿಗುತ್ತಿತ್ತಲ್ವಾ.

ನನ್ನ ಅನುಭವದಲ್ಲಿ ಇದಕ್ಕಿಂತ ಕೆಟ್ಟದ್ದು ‘ಸೆಟ್’ ಅನ್ನೋ ಭೂತ. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದ ಮೇಲೆ ಸೇರು, ಅಚ್ಚೇರು, ಪಾವು, ಚಟಾಕು ಎಲ್ಲ ಮೆಲ್ಲಗೆ ಅಂಗಡಿಯಿಂದ ಅಟ್ಟಕ್ಕೆ ಹೋದವು. ಹಳ್ಳಿಗಳಲ್ಲಿ ಇನ್ನೂ ಸೇರಿನಲ್ಲೇ ಜೋಳ ಅಳೆಯುವವರಿದ್ದಾರೆ. ಒಂದು ಸೇರು ಸಿಕ್ಕಿತು ಅನ್ನಿ, ಖುಷಿ. ಅಚ್ಚೇರು ಸಿಕ್ಕಿತು, ಇನ್ನೂ ಖುಷಿ. ಮೂರನೆಯದು ಸಿಕ್ಕ ಕೂಡಲೇ ಖುಷಿ ಹೋಗಿ ಚಿಂತೆ ಶುರು: ನಾಲ್ಕನೆಯದು ಇಲ್ಲವಲ್ಲಾ! ಇರುವ ಮೂರು ಕಣ್ಣಿಗೆ ಬೀಳೋದೇ ಇಲ್ಲ, ಇಲ್ಲದ್ದೊಂದೇ ಕಾಣುತ್ತದೆ. ಬೀದರ್ ಜಿಲ್ಲೆಯ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆರಿಸಿ ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಹೆಚ್ಚಿನದ್ದನ್ನು ಅಲ್ಲೇ ಚೆಲ್ಲಿ ಬಾ ಅಂತ ವಾಪಸ್ ಕಳಿಸಿದಳು. ಆಕೆ ನನ್ನ ಕೋಣೆಗೆ ಬಂದರೆ ಗುಜರಿಯವನಿಗೆ ಟೆಂಪೋ ಬೇಕಾಗುತ್ತದೆ.

ನಾಣ್ಯದವರ ಗೋಳು ಬೇರೆ. ನಮ್ಮದು 1948ರವರೆಗೆ ಹೈದರಾಬಾದ್ ಸಂಸ್ಥಾನ, ನಿಜಾಮರ ಸ್ವಂತ ನಾಣ್ಯ, ಅದಕ್ಕೆ ಹಾಲಿ ಸಿಕ್ಕಾ ಅಂತ ಹೆಸರು. ಚಾರ್‌ಮಿನಾರ್ ಇರುವ ನಾಣ್ಯ ಇಲ್ಲಿ ಬಹಳ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇದೆ. ಮೊಬೈಲಿನಲ್ಲಿ ‘ಹಳೇ ನಾಣ್ಯಕ್ಕೆ ಲಕ್ಷ ರೂಪಾಯಿ’ ಅನ್ನೋ ವಿಡಿಯೋ ನೋಡಿ ಅದನ್ನು ತಂದು ತೋರಿಸುವವರು ಜಾಸ್ತಿಯಾಗಿದ್ದಾರೆ. ಆ ವಿಡಿಯೋ ಮಾಡುವವರು ಮೊದಲು ಫೀಸು ಕಟ್ಟಿ, ತೆರಿಗೆ ಕಟ್ಟಿ ಅಂತ ದುಡ್ಡು ಕೀಳುತ್ತಾರೆ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆ ಅಂತ ತನ್ನ ಹೆಸರು ಹೇಳಿಕೊಂಡು ಮೋಸ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಮಿತಿ ಇಲ್ಲದೆ ಕೂಡಿಸಿದರೆ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಹೈದರಾಬಾದಿಗೆ ಹೋಗಬೇಕು. ಕಲಬುರಗಿ, ಬೀದರಿನ ಯಾವ ಶಾಲೆಯ ಪ್ರವಾಸವಾದರೂ ಸಾಲಾರ್ ಜಂಗ್ ಮ್ಯೂಸಿಯಂ ಇದ್ದೇ ಇರುತ್ತದೆ. ಗಂಟೆಗೊಮ್ಮೆ ಸಣ್ಣ ಬೊಂಬೆ ಹೊರಗೆ ಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಮಕ್ಕಳೆಲ್ಲ ನೆಲದ ಮೇಲೆ ಕೂತು ಕಾಯುತ್ತಾರೆ. ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಕೆಲವೇ ವರ್ಷ ದಿವಾನರಾಗಿದ್ದು ಆಮೇಲೆ ಬದುಕೆಲ್ಲ ಕೊಳ್ಳುವುದರಲ್ಲೇ ಕಳೆದರು. ಮದುವೆ ಆಗಲಿಲ್ಲ. 1949ರಲ್ಲಿ ತೀರಿಕೊಂಡಾಗ ವಾರಸುದಾರರಿಲ್ಲ, ಸಾಮಾನಿನ ಗುಡ್ಡ ಮಾತ್ರ ಇತ್ತು. 1951ರಲ್ಲಿ ದಿವಾನ್ ದೇವಡಿ ಅನ್ನೋ ಅವರ ಅರಮನೆಯಲ್ಲೇ ನೆಹರೂ ಕೈಯಿಂದ ಮ್ಯೂಸಿಯಂ ಶುರುವಾಯಿತು. ತೆಳುವಾದ ಮುಸುಕಿನ ಹಿಂದೆ ಮುಖ ಕಾಣುವ ಆ ಅಮೃತಶಿಲೆಯ ರೆಬೆಕ್ಕಾ ಮೂರ್ತಿ ಇದೆಯಲ್ಲ, ಅದನ್ನು ಅವರ ಅಜ್ಜ, ಮೊದಲನೇ ಸಾಲಾರ್ ಜಂಗ್, 1876ರಲ್ಲಿ ಇಟಲಿಯಿಂದ ತಂದದ್ದು.

ಚಂದ ಇದೆ, ಒಪ್ಪಿದೆ. ನಾನೂ ನಿಂತು ನೋಡಿದ್ದೇನೆ. ಆದರೆ ಈ ದುಡ್ಡು ಎಲ್ಲಿಂದ ಬಂತು? ಈ ಮನೆತನಕ್ಕೆ ಜಹಗೀರಿತ್ತು, ನಮ್ಮ ಕೊಪ್ಪಳವೂ ಅದರಲ್ಲಿ ಒಂದು. ಅಂದರೆ ಜೋಳ ಬೆಳೆದ ಕನ್ನಡದ ರೈತ ಕಟ್ಟಿದ ಕಂದಾಯವೂ ಆ ಸಂಪತ್ತಿಗೆ ಸೇರಿದೆ. ಮ್ಯೂಸಿಯಂನ ಲೇಬಲ್ಲಿನಲ್ಲಿ ಶಿಲ್ಪಿಯ ಹೆಸರಿದೆ, ಕೊಂಡವರ ಹೆಸರಿದೆ. ಕಂದಾಯ ಕಟ್ಟಿದವರ ಹೆಸರನ್ನು ಯಾರೂ ಚುಕ್ಕೆ ಹೊಡೆದು ಬರೆದಿಲ್ಲ. ಇದನ್ನೆಲ್ಲ ಮುಚ್ಚಿಬಿಡಿ ಅಂತ ನಾನು ಹೇಳುತ್ತಿಲ್ಲ, ಈಗ ಅದು ಎಲ್ಲರ ಆಸ್ತಿ, ಕೊಪ್ಪಳದ ಹುಡುಗನೂ ಟಿಕೆಟ್ ತಗೊಂಡು ನೋಡಬಹುದು. ದೊಡ್ಡ ಸಂಗ್ರಹದ ಮುಂದೆ ನಿಂತಾಗ ‘ಅಬ್ಬಾ’ ಅನ್ನೋದರ ಜೊತೆ ‘ಯಾರ ದುಡ್ಡು’ ಅಂತಲೂ ಕೇಳಬೇಕು ಅಷ್ಟೇ.

ಚೌಕಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಗೌಡರ, ದೇಸಾಯರ ವಾಡೆಗಳು ಬೀಳುತ್ತಿವೆ. ಅಣ್ಣತಮ್ಮಂದಿರ ಪಾಲು, ಕೋರ್ಟು, ಮಳೆಗೆ ಕೂತ ಮಾಳಿಗೆ. ಸಾಗವಾನಿ ಕಂಬ, ಕೆತ್ತನೆಯ ಬೋದಿಗೆ, ತೊಲೆ ಬಿಚ್ಚಿ ಲಾರಿಗೆ ಹಾಕಿದರೆ ಯಾವುದೋ ರೆಸಾರ್ಟಿನಲ್ಲಿ ‘ಹೆರಿಟೇಜ್’ ಆಗಿ ನಿಲ್ಲುತ್ತವೆ. ಬಿದ್ದ ಮನೆಯದ್ದಾದರೆ ಒಳ್ಳೆಯದೇ. ಆದರೆ ವ್ಯಾಪಾರಿ ಬಂದು ಒಳ್ಳೆ ರೇಟು ಹೇಳಿದ ಮೇಲೆ, ಇನ್ನೂ ಇಪ್ಪತ್ತು ವರ್ಷ ನಿಲ್ಲಬಹುದಾಗಿದ್ದ ಮನೆಯೂ ಬೀಳುತ್ತದೆ. ಅರ್ಧ ನಿಜ ಅಂದದ್ದು ಇದಕ್ಕೆ. ಕೊಳ್ಳುವವರಿದ್ದಾರೆ ಅನ್ನೋದೇ ಒಡೆಯೋಕೆ ಒಂದು ಕಾರಣ ಆಗಿಬಿಡುತ್ತದೆ.

ವೀರಗಲ್ಲಿಗೆ ಬರೋಣ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಊರ ಹೊರಗೆ ನಿಂತ ಕಲ್ಲು ಅನಾಥ ಅಂತ ಪೇಟೆಯಿಂದ ಕಾರಿನಲ್ಲಿ ಬಂದವರಿಗೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಎಣ್ಣೆ ಹಚ್ಚಿದ ಗುರುತು, ಒಣಗಿದ ಕುಂಕುಮ, ಕಾಯಿ ಒಡೆದ ಚೂರು. ಯಾರೋ ಅದನ್ನು ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ಬೇಕಾದ ಹಾಗೆ. ಅದನ್ನು ಎತ್ತಿದರೆ ಅದು ಉಳಿಸಿದ್ದಲ್ಲ, ಕದ್ದದ್ದು. ಕಾನೂನೂ ಸ್ಪಷ್ಟವಾಗಿದೆ. 1972ರ ಪುರಾತನ ವಸ್ತುಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪದಂಥ ವಸ್ತು ಪುರಾತನ ವಸ್ತು, ಹಸ್ತಪ್ರತಿಗೆ 75 ವರ್ಷ ಸಾಕು. ಮನೆಯಲ್ಲಿ ಕಲ್ಲಿನ ಹಳೇ ಶಿಲ್ಪ ಇದ್ದರೆ ಅದು ನೋಂದಣಿಯಾಗಬೇಕು, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಹೂತಿಟ್ಟ ನಿಧಿ ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಿಧಿ ಕಾಯ್ದೆ ಹೇಳುತ್ತದೆ.

ಇನ್ನು ನಿಧಿ ಹುಚ್ಚಿನವರು. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಇಟ್ಟು ಹಳೇ ಗುಡಿಯ ಪಾಯ ಅಗೆಯುವವರು. ಇವರಿಗೂ ಫಾರ್ಮ್ ಹೌಸಿನ ಸಾಹೇಬರಿಗೂ ಏನು ವ್ಯತ್ಯಾಸ ಅಂತ ಕೇಳಿದರೆ, ಮೊದಲಿನವರಿಗೆ ಏನೂ ಸಿಗುವುದಿಲ್ಲ, ಎರಡನೆಯವರಿಗೆ ಸಿಗುತ್ತದೆ.

ಜಾಗದಿಂದ ಕಿತ್ತರೆ ಏನು ಹೋಗುತ್ತದೆ ಅನ್ನೋದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ನೋಡಿದರೆ ಮೂರ್ತಿಯ ಪೀಠಕ್ಕೆ ಹಾಕಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ! ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದರಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಸೇವಕಿಯರು ಇರುವ ಒಂದು ಫಲಕ, ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’. ಅಶೋಕನ ಹೆಸರು ಬರೆದಿರುವ ಅವನ ಚಿತ್ರ ಅಂತ ಜಗತ್ತಿನವರೆಲ್ಲ ಇದರ ಬಗ್ಗೆ ಬರೆದರು. ಶಾತವಾಹನ ಅರಸರ ಹೆಸರಿರುವ ಫಲಕಗಳೂ ಅಲ್ಲೇ ಸಿಕ್ಕವು.

ಈಗ ಇನ್ನೊಂದು ಥರ ಯೋಚಿಸಿ ನೋಡಿ. ಅಗೆಯುವ ಮೊದಲೇ ಒಬ್ಬ ದಲ್ಲಾಳಿಗೆ ಸುಳಿವು ಸಿಕ್ಕಿ, ಒಂದೊಂದೇ ಫಲಕ ಲಾರಿ ಹತ್ತಿ ಹೋಗಿದ್ದರೆ? ಒಂದು ಫಲಕ ಒಬ್ಬರ ಬಂಗಲೆಯಲ್ಲಿ, ಇನ್ನೊಂದು ಯಾವುದೋ ದೇಶದ ಹರಾಜಿನಲ್ಲಿ, ಜಾಸ್ತಿ ಅಂದರೆ ‘ದಖ್ಖನ್, ಸುಣ್ಣಕಲ್ಲು, ರಾಜ ಪರಿವಾರ’ ಅಂತ ಕೆಳಗೆ ಒಂದು ಸಾಲು. ಯಾವ ಊರು, ಯಾವ ಸ್ತೂಪ, ಪಕ್ಕದಲ್ಲಿ ಯಾರ ಫಲಕ ಇತ್ತು, ಏನೂ ತಿಳಿಯುತ್ತಿರಲಿಲ್ಲ. ಕಲ್ಲು ಸುರಕ್ಷಿತವಾಗೇ ಇರುತ್ತಿತ್ತು. ಏಸಿ ರೂಮಿನಲ್ಲಿ, ಒಳ್ಳೆ ಲೈಟಿನ ಕೆಳಗೆ. ಆದರೆ ಅದು ಹೇಳಬೇಕಾದ ಅರ್ಧ ವಿಷಯ ಕನಗನಹಳ್ಳಿಯ ಮಣ್ಣಿನಲ್ಲೇ ಉಳಿದುಹೋಗುತ್ತಿತ್ತು.

ತಮಿಳುನಾಡಿನ ಶ್ರೀಪುರಂತಾನ್‌ನಲ್ಲಿ ಆದದ್ದು ಇದೇ. ಆ ಗುಡಿಯ ಕಂಚಿನ ನಟರಾಜ ಕಳವಾಗಿ, ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಕೈಯಿಂದ 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಹೋಯಿತು. ಬೆಲೆ 50 ಲಕ್ಷ ಡಾಲರ್. ಕಾಗದ ಪತ್ರ ಇತ್ತು, ಆದರೆ ಸುಳ್ಳು. 2014ರಲ್ಲಿ ಆಸ್ಟ್ರೇಲಿಯಾ ಮೂರ್ತಿಯನ್ನು ವಾಪಸ್ ಕೊಟ್ಟಿತು, 2022ರಲ್ಲಿ ಮೂರ್ತಿ ಕಳವಿನ ಒಂದು ಕೇಸಿನಲ್ಲಿ ಕುಂಭಕೋಣಂ ಕೋರ್ಟು ಕಪೂರ್‌ಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆ, ಅಷ್ಟೊಂದು ತಜ್ಞರು, ‘ಇದು ಗುಡಿಯಿಂದ ಹೇಗೆ ಹೊರಗೆ ಬಂತು’ ಅಂತ ಗಟ್ಟಿಯಾಗಿ ಕೇಳಲಿಲ್ಲ. ಬೇಕು ಅನ್ನೋ ಆಸೆ ಬಂದಾಗ ಕೇಳೋದು ಕಷ್ಟ. ಉತ್ತರ ಏನು ಬರುತ್ತದೋ ಅನ್ನೋ ಭಯ.

ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ದಿನ, ಭಕ್ತರು ಪವಿತ್ರ ಅಂತ ನಂಬುವ ಪರುಷ ಬಟ್ಟಲು ತೋರಿಸುತ್ತಾರೆ. ವರ್ಷಕ್ಕೊಮ್ಮೆ, ಸ್ವಲ್ಪ ಹೊತ್ತು. ಅದನ್ನು ನೋಡೋಕೆ ಬಿಸಿಲಲ್ಲಿ ನಿಂತ ಜನರ ನಡುವೆ ನಿಂತಾಗ ನನಗೆ ಯಾವಾಗಲೂ ಅನ್ನಿಸುತ್ತದೆ, ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ದಿನಾ ಇಟ್ಟಿದ್ದರೆ ಇಷ್ಟು ಜನ ಕತ್ತು ಚಾಚುತ್ತಿರಲಿಲ್ಲ. ಎಲ್ಲಾ ಸಾಮಾನಿಗೂ ಕಪಾಟೇ ಸರಿಯಾದ ಜಾಗ ಅಂತ ನಾವು ಅಂದುಕೊಂಡಿದ್ದೇವೆ, ಹಾಗೇನಿಲ್ಲ.

ಬಿದರಿಯ ಬಗ್ಗೆ ಬರೆಯದೆ ಬೀದರಿನ ಕಡೆಯವರು ಸಂಗ್ರಹದ ಮಾತು ಮುಗಿಸೋಕಾಗುತ್ತಾ? ಇಲ್ಲಿ ಸಮಸ್ಯೆ ಪೂರಾ ಉಲ್ಟಾ. ಈ ಕಲೆ ಇನ್ನೂ ಬದುಕಿದೆ, ಮಾಡುವವರು ಇದ್ದಾರೆ. ಆದರೆ ಸಂಗ್ರಾಹಕರಿಗೆ ಹಳೇದೇ ಬೇಕು. ಹಳೇ ಹುಕ್ಕಾ ಬುಡ, ಹಳೇ ಪಾನ್‌ದಾನ್, ಹಳೇ ಸುರಾಹಿ. ಹೊಸದನ್ನು ‘ಟೂರಿಸ್ಟ್ ಮಾಲ್’ ಅಂತ ಮೂಗು ಮುರಿಯುತ್ತಾರೆ. ಹಳೇ ಬಿದರಿಗೆ ಕೊಟ್ಟ ದುಡ್ಡು ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗುತ್ತದೆ, ಬೀದರಿನ ಕಾರಿಗಾರನ ಮನೆಗೆ ಒಂದು ಪೈಸೆ ಬರೋದಿಲ್ಲ.

ಬೀದರಿನ ಚೌಬಾರ ಗೋಪುರದ ಹತ್ತಿರದ ಓಣಿಗಳಲ್ಲಿ ಇವರ ಅಂಗಡಿಗಳಿವೆ. ಸಮಯ ಸಿಕ್ಕರೆ ಒಳಗೆ ಕೂತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದಿ ಬಣ್ಣ ಇರುತ್ತದೆ. ಮೈ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಬರಿಸುತ್ತಾರೆ, ಗೀರಿದ ಗೆರೆ ಎದ್ದು ಕಾಣಲಿ ಅಂತ. ಆಮೇಲೆ ಸಣ್ಣ ಉಳಿಯಿಂದ ಬಳ್ಳಿ, ಹೂವು ಕೆತ್ತಿ ಆ ಕಾಲುವೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿ, ಸತು ಎರಡೂ ಬಿಳಿಬಿಳಿ, ಮಾಡಿದ ಕೆಲಸ ಕಾಣುವುದೇ ಇಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿದ ನೀರನ್ನು ಬಿಸಿ ಪಾತ್ರೆಗೆ ಸವರುತ್ತಾರೆ. ಕಲಾಯಿಯವರು ಹಾಕುತ್ತಿದ್ದರಲ್ಲ, ಅದೇ ನವಸಾಗರ. ನೋಡುತ್ತಿದ್ದ ಹಾಗೇ ಸತು ಕಡು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ, ಅಡಗಿದ್ದ ಬಳ್ಳಿ ಒಮ್ಮೆಲೇ ಎದ್ದು ಬರುತ್ತದೆ. ಮಣ್ಣು ಸರಿ ಇದೆಯಾ ಅಂತ ಕಾರಿಗಾರರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಬಿಸಿಲು, ಮಳೆ ಕಾಣದ ಜಾಗದ ಮಣ್ಣೇ ಆಗಬೇಕು.

2006ರಲ್ಲಿ ಬಿದರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಊರೆಲ್ಲ ಖುಷಿಪಟ್ಟಿತು. ಅಷ್ಟಾದರೂ ಅಂಗಡಿಗೆ ಬರುವವರ ಮೊದಲ ಮಾತು ‘ಲಾಸ್ಟ್ ರೇಟ್ ಹೇಳ್ರಿ’. ಬೆಳ್ಳಿಯ ರೇಟು ಏರಿದಾಗ ಕಡಿಮೆಯಾಗೋದು ಕಾರಿಗಾರನ ಕೂಲಿ. ಒಬ್ಬ ಕಾರಿಗಾರರನ್ನು ನಾನು ಕೇಳಿದ್ದೆ, ನಿಮ್ಮ ಮನೆಯಲ್ಲಿ ಅಪ್ಪನ ಕಾಲದ ಕೆಲಸ ಏನಾದರೂ ಇದೆಯಾ ಅಂತ. ‘ಎಲ್ಲಿದು ಸಾಹೇಬ್ರ, ಮಾಡಿದ್ದೆಲ್ಲಾ ಮಾರಿದ್ದೇ. ಇಟ್ಕೊಂಡ್ರ ತಿನ್ನೂದೇನು?’ ಅಂದರು. ಅಪ್ಪನ ಉಳಿಗಳು ಮಾತ್ರ ಅವರ ಹತ್ತಿರ ಇವೆ, ಅವನ್ನೇ ಇವತ್ತಿಗೂ ಬಳಸುತ್ತಾರೆ. ಆ ಉಳಿಗಳನ್ನು ಕೊಳ್ಳುತ್ತೇನೆ ಅಂತ ಬೆಂಗಳೂರಿನವರೊಬ್ಬರು ಬಂದಿದ್ದರಂತೆ. ‘ಕೈ ಕೂಡ ಕೊಟ್ಟು ಕಳಿಸ್ಲೇನು’ ಅಂತ ಕೇಳಿದರಂತೆ ಇವರು.

ಹಾಗಾಗಿ ಬಿದರಿಯಲ್ಲಿ ನಾನು ಹೊಸದನ್ನೇ ಕೊಳ್ಳುತ್ತೇನೆ, ಚೌಕಾಸಿ ಮಾಡೋದಿಲ್ಲ, ಯಾರು ಕೆತ್ತಿದ್ದು, ಯಾರು ತಂತಿ ಕೂರಿಸಿದ್ದು ಅಂತ ಕೇಳಿ ರಸೀದಿಯ ಮೇಲೆ ಬರೆಸಿಕೊಳ್ಳುತ್ತೇನೆ. ನಗುತ್ತಾರೆ, ಆದರೆ ಬರೆಯುತ್ತಾರೆ. ಹಿತ್ತಾಳೆ ಸಾಮಾನಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಲ್ಲಿ ಸಿಕ್ಕಿತು, ಯಾರ ಕೈಯಿಂದ, ಎಷ್ಟು ಕೊಟ್ಟೆ, ಅವರು ಏನು ಹೇಳಿದರು. ಬೆಲೆ ಬರೆಯೋದು ಮುಖ್ಯ. ಬರೆಯೋಕೆ ನಾಚಿಕೆ ಆಗುವ ಬೆಲೆಗೆ ಕೊಳ್ಳಬಾರದು ಅಂತ ಅದರಿಂದ ತಾನೇ ಗೊತ್ತಾಗುತ್ತದೆ.

ಮುಂದೆ ಇವೆಲ್ಲ ಎಲ್ಲಿ ಹೋಗುತ್ತವೆ ಅಂತ ಮನೆಯಲ್ಲಿ ಮಾತಾಗಿದೆ. ನನ್ನ ಸಾಮಾನಿಗೆ ಯಾವ ನೆಹರೂ ಬಂದು ಮ್ಯೂಸಿಯಂ ಉದ್ಘಾಟನೆ ಮಾಡೋದಿಲ್ಲ. ಮಗಳು ಬಿದರಿ ತಗೊಳ್ಳುತ್ತೇನೆ, ಉಳಿದದ್ದು ಬೇಡ ಅಂತ ಈಗಲೇ ಹೇಳಿದ್ದಾಳೆ. ಸೇರು-ಪಾವುಗಳನ್ನು ಹತ್ತಿರದ ಶಾಲೆಯ ಗಣಿತದ ಮೇಷ್ಟ್ರು ಕೇಳಿದ್ದಾರೆ, ಮಕ್ಕಳು ಅದರಲ್ಲಿ ಜೋಳ ಅಳೆದು ನೋಡಲಿ, ನೆಗ್ಗಿದರೆ ನೆಗ್ಗಲಿ. ಚಟಾಕು ಇನ್ನೂ ಸಿಕ್ಕಿಲ್ಲ ಅಂತ ಅವರಿಗೆ ಹೇಳಿದ್ದೇನೆ. ಹಂಡೆ, ಗಂಗಾಳ ಯಾರಿಗೂ ಬೇಡ. ಅವು ಮತ್ತೆ ಗುಜರಿಗೇ ಹೋಗುತ್ತವೆ, ಆಗ ಹಿತ್ತಾಳೆಗೆ ಕೆ.ಜಿ.ಗೆ ಎಷ್ಟಿರುತ್ತದೋ ಅಷ್ಟಕ್ಕೆ. ಅದಕ್ಕೆ ನನಗೆ ಈಗ ಅಂಥಾ ಬೇಜಾರಿಲ್ಲ. ಚುಕ್ಕೆ ಅಕ್ಷರದ ಹೆಸರು ಇರುವ ಪಾತ್ರೆಗಳ ಫೋಟೋ ಒಂದೊಂದಾಗಿ ತೆಗೆಯುತ್ತಿದ್ದೇನೆ, ಪಕ್ಕದಿಂದ ಬೆಳಕು ಬಿಟ್ಟರೆ ಸವೆದ ಅಕ್ಷರವೂ ಓದೋಕೆ ಬರುತ್ತದೆ. ಅರ್ಧ ಮುಗಿದಿದೆ, ಉಳಿದದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕು. ಮನೆಯಲ್ಲಿ ಆ ಕೆಲಸ ನನಗೆ ಬಿಟ್ಟು ಬೇರೆ ಯಾರಿಗೂ ಬೀಳೋದಿಲ್ಲ.